ವಿಎಸ್ ಕೋಡ್‌ನಲ್ಲಿ ವೆರಿಲಾಗ್ ಬರೆದರೆ ಬಣ್ಣ ಬರುತ್ತೆ, ಆದರೆ ತಪ್ಪು ತೋರಿಸಲ್ಲ. ಏನು ಮಾಡಬೇಕು?

ವಿಂಡೋಸ್‌ನಲ್ಲಿ ವಿಎಸ್ ಕೋಡ್ ಎಡಿಟರ್‌ಗೆ ವೆರಿಲಾಗ್‌ನ (ಡಿಜಿಟಲ್ ಸರ್ಕ್ಯೂಟ್ ವಿವರಿಸುವ ಭಾಷೆ) ವೆರಿಲಾಗ್-ಎಚ್‌ಡಿಎಲ್ ಎಕ್ಸ್‌ಟೆನ್ಶನ್ ಹಾಕಿದ್ದೀರಿ, ಸೆಮಿಕೋಲನ್ ಬಿಟ್ಟರೂ ಕೆಂಪು ಗೆರೆ ಬರ್ತಿಲ್ಲ ಅಂದಿದ್ದೀರಿ. ಆ ಎಕ್ಸ್‌ಟೆನ್ಶನ್ ತಾನಾಗಿ ತಪ್ಪು ಹುಡುಕುವುದಿಲ್ಲ. ಹೊರಗಿನ ಕಂಪೈಲರನ್ನು ಓಡಿಸಿ, ಅದು ಕೊಟ್ಟ ಎರರ್‌ಗಳನ್ನು ಗೆರೆಯಾಗಿ ತೋರಿಸುತ್ತದೆ, ಅಷ್ಟೇ.

ಕಂಪೈಲರ್‌ಗೆ ಐಕರಸ್ ವೆರಿಲಾಗ್ ಸಾಕು, ಪುಕ್ಕಟೆ. ಇನ್‌ಸ್ಟಾಲ್ ಮಾಡುವಾಗ ಹೆಸರಲ್ಲಿ ಖಾಲಿ ಜಾಗ ಇಲ್ಲದ ಫೋಲ್ಡರ್ ಕೊಡಿ. ಪ್ರೋಗ್ರಾಮ್ ಫೈಲ್ಸ್ ಬೇಡ. ಪಾತ್‌ಗೆ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸುವ ಟಿಕ್ ಹಾಕಿ. ಆಮೇಲೆ ವಿಎಸ್ ಕೋಡ್ ಪೂರ್ತಿ ಮುಚ್ಚಿ ತೆರೆಯಿರಿ. ಒಳಗೇ ಹೊಸ ಟರ್ಮಿನಲ್ ತೆರೆದರೆ ಆಗಲ್ಲ, ಯಾಕೆಂದರೆ ಅದಕ್ಕೆ ಸಿಗುವುದು ವಿಎಸ್ ಕೋಡ್ ಶುರುವಾದಾಗಿನ ಹಳೇ ಪಾತ್.

ಈಗ ಸೆಟ್ಟಿಂಗ್ಸ್‌ನಲ್ಲಿ ವೆರಿಲಾಗ್ ಲಿಂಟರ್ (ತಪ್ಪು ಹುಡುಕುವ ಸಾಧನ) ಅಂತ ಹುಡುಕಿ. ಅಲ್ಲಿ 'ನನ್' (ಯಾವುದೂ ಇಲ್ಲ) ಇರುತ್ತದೆ, ಐವೆರಿಲಾಗ್ (ಐಕರಸ್‌ನ ಕಮಾಂಡ್) ಮಾಡಿ. ಫೈಲ್ ತೆರೆದಾಗ ಇಲ್ಲವೇ ಸೇವ್ ಮಾಡಿದಾಗಲೇ ಲಿಂಟರ್ ಓಡುವುದು, ಟೈಪ್ ಮಾಡುತ್ತಿರುವಾಗ ಗೆರೆಗಾಗಿ ಕಾಯಬೇಡಿ.

ಇದಾದ ಕೂಡಲೇ ಟೆಸ್ಟ್‌ಬೆಂಚ್ (ಡಿಸೈನನ್ನು ಪರೀಕ್ಷಿಸುವ ಕೋಡ್) ಫೈಲಲ್ಲಿ 'ಅನ್‌ನೋನ್ ಮಾಡ್ಯೂಲ್ ಟೈಪ್' ಅಂತ ಬರುತ್ತದೆ, ಗಾಬರಿಯಾಗಬೇಡಿ. ಲಿಂಟರ್ ನೋಡುವುದು ತೆರೆದಿರುವ ಒಂದೇ ಫೈಲ್, ಅದು ಪರೀಕ್ಷಿಸುವ ಮಾಡ್ಯೂಲ್ (ಸರ್ಕ್ಯೂಟಿನ ಒಂದು ಭಾಗ, ಕೌಂಟರ್ ಅನ್ನಿ) ಇರುವುದು ಇನ್ನೊಂದರಲ್ಲಿ. ಐವೆರಿಲಾಗ್ ಆರ್ಗ್ಯುಮೆಂಟ್ಸ್ ಜಾಗದಲ್ಲಿ '-ವೈ', ಖಾಲಿ ಜಾಗ, ಒಂದು ಚುಕ್ಕಿ ಬರೆಯಿರಿ (ವೈ ಸಣ್ಣಕ್ಷರ); 'ರನ್ ಅಟ್ ಫೈಲ್ ಲೊಕೇಶನ್' ಆನ್ ಮಾಡಿ. ಆಗ ಅದೇ ಫೋಲ್ಡರಲ್ಲಿ ಮಾಡ್ಯೂಲ್ ಹುಡುಕುತ್ತದೆ. ಆದರೆ ಮಾಡ್ಯೂಲ್ ಹೆಸರೂ ಫೈಲ್ ಹೆಸರೂ ಒಂದೇ ಇರಬೇಕು. ಒಂದೇ ಫೈಲಿಗೆ ನಾಲ್ಕು ಮಾಡ್ಯೂಲ್ ತುರುಕಿದ್ದರೆ ಇದು ಕೈಕೊಡುತ್ತದೆ.

'ಲಾಜಿಕ್' ಅಂತ ಬರೆದ ಸಾಲಿಗೆ ಸಿಂಟ್ಯಾಕ್ಸ್ ಎರರ್ ಬಂದರೆ ಅದು ಸಿಸ್ಟಮ್‌ವೆರಿಲಾಗ್, ವೆರಿಲಾಗ್‌ನ ಮುಂದುವರಿದ ರೂಪ. ಫೈಲನ್ನು ಡಾಟ್ ಎಸ್‌ವಿ ಅಂತ ಉಳಿಸಿ. ಟರ್ಮಿನಲ್‌ನಲ್ಲಿ ಕೈಯಾರೆ ಕಂಪೈಲ್ ಮಾಡುವಾಗ '-ಜಿ2012' ಸೇರಿಸಿ.

ಇಷ್ಟೆಲ್ಲ ಆದರೂ ಒಂದು ತಪ್ಪು ತಪ್ಪಿಸಿಕೊಳ್ಳುತ್ತದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಕಾಟದ್ದು. ಕೌಂಟರ್ ಜೋಡಿಸುವಾಗ 'ಸಿಎಲ್‌ಕೆ' (ಕ್ಲಾಕ್) ಬದಲು 'ಸಿಕೆಎಲ್' ಅಂತ ಬೆರಳು ಜಾರಿತು ಅನ್ನಿ. ವೆರಿಲಾಗ್ ಎರರ್ ಕೊಡಲ್ಲ; ಆ ಹೆಸರಲ್ಲಿ ಒಂದು ಬಿಟ್‌ನ ಹೊಸ ವೈರ್ ತಾನೇ ಹುಟ್ಟಿಸುತ್ತದೆ. ಅದನ್ನು ಯಾರೂ ಡ್ರೈವ್ ಮಾಡಲ್ಲ, ಕ್ಲಾಕ್ ಝಡ್ (ಯಾರೂ ಡ್ರೈವ್ ಮಾಡದ ಸ್ಥಿತಿ) ಆಗಿ ಕೂರುತ್ತದೆ, ಸಿಗ್ನಲ್‌ಗಳ ಅಲೆ ತೋರಿಸುವ ಜಿಟಿಕೆವೇವ್‌ನಲ್ಲಿ ಕೌಂಟ್ ಉದ್ದಕ್ಕೂ ಎಕ್ಸ್ (ಬೆಲೆ ಗೊತ್ತಿಲ್ಲ). ನೀವು ರೀಸೆಟ್ ಸರಿಯಿಲ್ಲ ಅಂತ ಅಲ್ಲೇ ಕೆದಕುತ್ತಿರುತ್ತೀರಿ! ಪ್ರತಿ ಫೈಲಿನ ಮೊದಲ ಸಾಲಲ್ಲಿ 'ಡಿಫಾಲ್ಟ್_ನೆಟ್‌ಟೈಪ್ ನನ್' ಹಾಕಿ. ಅದರ ಶುರುವಲ್ಲಿ ಬರುವ ಚಿಹ್ನೆ ಕೀಬೋರ್ಡಿನಲ್ಲಿ 1ರ ಎಡಗಡೆಯ ಕೀಲಿಯ ಬ್ಯಾಕ್‌ಟಿಕ್, ಮಾಮೂಲಿ ಕೋಟ್ ಅಲ್ಲ. ಆಗ ಸೇವ್ ಮಾಡಿದ ತಕ್ಷಣ 'ಸಿಕೆಎಲ್' ಇರುವ ಸಾಲಿನ ಕೆಳಗೆ ಗೆರೆ ಬೀಳುತ್ತದೆ.