ನಮ್ಮ ತೋಟದ ನಂದಿ ಮರದ ಕವಲಲ್ಲಿ ಆಲದ ಗಿಡ ಹುಟ್ಟಿದೆ, ಹೇಗೆ?

ಹಕ್ಕಿ ಹಿಕ್ಕೆಯಿಂದ. ಕುಟ್ರಹಕ್ಕಿ, ಮಂಗಟ್ಟೆ ಎಲ್ಲ ಆಲದ ಹಣ್ಣು ತಿಂದು ಮರದ ಮೇಲೆ ಹಿಕ್ಕೆ ಹಾಕ್ತವೆ, ಅದರಲ್ಲಿರೋ ಪುಟಾಣಿ ಬೀಜ ಕವಲಲ್ಲಿ ಕೂತಿರೋ ಪಾಚಿ, ಕೊಳೆತ ಎಲೆಯ ತೇವದಲ್ಲೇ ಮೊಳೆಯುತ್ತೆ, ನಮ್ಮ ಕೊಡಗಿನ ಮಳೆಗೆ ತೇವಕ್ಕೇನು ಬರ ಇಲ್ವಲ್ಲ. ಅಷ್ಟು ಚಿಕ್ಕ ಬೀಜದಲ್ಲಿ ಆಹಾರ ಇರೋದೇ ಸ್ವಲ್ಪ, ಕಾಫಿ ಗಿಡದ ಅಡಿ ಕತ್ತಲಲ್ಲಿ ಬಿದ್ರೆ ಬದುಕೋದು ಕಷ್ಟ, ಮೇಲೆ ಬೆಳಕು ಸಿಗುತ್ತೆ. ಆಮೇಲೆ ದಾರದಂಥ ಬೇರನ್ನ ಕಾಂಡದ ಗುಂಟ ಇಳಿಬಿಡುತ್ತೆ, ಅದು ಮಣ್ಣು ಮುಟ್ಟಿದ್ಮೇಲೆ ನೋಡಿ ಸ್ಪೀಡು, ವರ್ಷಗಟ್ಟಲೆ ದಪ್ಪ ಆಗ್ತಾ ಬಲೆ ಥರ ಹಬ್ಬಿ ಹಳೇ ಮರವನ್ನೇ ಅಮುಕಿಬಿಡಬಹುದು. ನಂದಿ ಉಳೀಬೇಕಂದ್ರೆ ಈಗ್ಲೇ ಕಿತ್ತು ಬೇರೆ ಕಡೆ ನೆಡಿ. ದೇವರಕಾಡಲ್ಲಾದ್ರೆ ಮಾತ್ರ ದಯವಿಟ್ಟು ಮುಟ್ಬೇಡಿ, ಅಲ್ಲಿ ಕತ್ತಿ ಹಾಕಬಾರ್ದು ಅನ್ನೋ ಕಟ್ಟಳೆಯಿಂದಾನೇ ಎಷ್ಟೋ ಹಳೇ ಆಲ, ಗೋಣಿ ಮರ ಉಳಿದಿರೋದು.