288ರ ಬೋರ್ಡಿನಲ್ಲಿರುವ ಹೆಸರು

ಕಳೆದ ಭಾನುವಾರ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ದೋಸೆಗೆ ಕಾಯುವಾಗ ನೀವು ಕೇಳಿದಿರಿ: "ಸರ್, 288ನೇ ಹೆದ್ದಾರಿಯಲ್ಲಿ ಬರುವಾಗ ನೋಲನ್ ರಯಾನ್ ಎಕ್ಸ್‌ಪ್ರೆಸ್‌ವೇ ಅಂತ ಬೋರ್ಡ್ ಇದೆಯಲ್ಲ, ಯಾರವರು? ಗವರ್ನರಾ?" ಹಾಗೆಯೇ ಮನೆ ಎಲ್ಲಿ ಹಿಡಿಯೋದು, ಲೈಸೆನ್ಸ್ ಯಾವಾಗ ಮಾಡಿಸೋದು, ಕ್ರಿಕೆಟ್ ಇಲ್ಲದೆ ಮಂಕಾಗಿರುವ ಎಂಟು ವರ್ಷದ ಮಗನನ್ನು ಬೇಸ್‌ಬಾಲ್‌ಗೆ ಸೇರಿಸಲಾ ಅಂತಲೂ ಕೇಳಿದಿರಿ. ಉತ್ತರ ಶುರು ಮಾಡುವಷ್ಟರಲ್ಲಿ ದೋಸೆ ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮನೆಗೆ ಪೇರ್‌ಲ್ಯಾಂಡ್ ಆಗಬಹುದು. ಆದರೆ ಜೋರು ಮಳೆಗೆ ಆ ಬೀದಿಯಲ್ಲಿ ನೀರು ನಿಲ್ಲುತ್ತದಾ ಅಂತ ಅಕ್ಕಪಕ್ಕದವರನ್ನು ಕೇಳಿ. ಏಜೆಂಟನ್ನು ಕೇಳಬೇಡಿ. ಲೈಸೆನ್ಸನ್ನು ನೀವು ಇಲ್ಲಿಗೆ ಬಂದ 90 ದಿನದೊಳಗೆ ಮಾಡಿಸಿಕೊಳ್ಳಿ. 288ರಲ್ಲಿ ನಡುವಿನ ಲೇನ್‌ಗಳಿಗೆ ಟೋಲ್ ಇದೆ, ಟ್ಯಾಗ್ ಇಲ್ಲದೆ ನುಗ್ಗಬೇಡಿ. ಉಳಿದದ್ದು ತಾನಾಗೇ ಗೊತ್ತಾಗುತ್ತದೆ.

ಇನ್ನು ಬೋರ್ಡಿನ ವಿಷಯ. ಅವರು ಗವರ್ನರ್ ಅಲ್ಲ, ಬೇಸ್‌ಬಾಲ್ ಆಟಗಾರ. ನಾನು ಅರಸೀಕೆರೆಯಿಂದ ಹೊರಟು ಹ್ಯೂಸ್ಟನ್‌ಗೆ ಬಂದಿಳಿದದ್ದು 1993ರ ಸೆಪ್ಟೆಂಬರ್‌ನಲ್ಲಿ. ಎರಡು ಸೂಟ್‌ಕೇಸು, ಅರ್ಧ ಸೂಟ್‌ಕೇಸಿನಷ್ಟು ಚಟ್ನಿಪುಡಿ. ಎರಡನೇ ವಾರ ಒಂದು ಬೆಳಗ್ಗೆ ಆಫೀಸಿಗೆ ಹೋದರೆ ಎಲ್ಲರ ಮುಖ ಬಾಡಿತ್ತು. ಕಾಫಿ ಯಂತ್ರದ ಹತ್ತಿರ ಯಾರೂ ಮಾತಾಡುತ್ತಿಲ್ಲ. ಪಕ್ಕದ ಮೇಜಿನ ವಯಸ್ಸಾದವರನ್ನು ಮೆಲ್ಲಗೆ ಕೇಳಿದೆ, "ಯಾರು ತೀರಿಕೊಂಡರು?" ಅವರು ನನ್ನನ್ನೇ ಒಂದು ನಿಮಿಷ ನೋಡಿ ಹೇಳಿದರು, "ಯಾರೂ ಸತ್ತಿಲ್ಲ. ನೋಲನ್ ರಯಾನ್ ಮೊಣಕೈ ಹೋಯಿತು."

ಹಿಂದಿನ ರಾತ್ರಿ, ಸೆಪ್ಟೆಂಬರ್ 22ರಂದು, ಸಿಯಾಟಲ್‌ನಲ್ಲಿ ಆಡುವಾಗ ಅವರ ಮೊಣಕೈಯ ಲಿಗಮೆಂಟ್ ಹರಿದಿತ್ತು. ಆಗ ವಯಸ್ಸು 46, ಅದು 27ನೇ ಸೀಸನ್. ಅಲ್ಲಿಗೆ ಆಟ ಮುಗಿಯಿತು. ಒಬ್ಬ ಆಟಗಾರನ ಮೊಣಕೈಗೆ ಸೂತಕ ಹಿಡಿದ ಹಾಗೆ ಕೂರುವ ಜನ ಎಂಥವರಪ್ಪಾ ಅನ್ನಿಸಿತು. ಆಮೇಲೆ ನಮ್ಮ ಊರಲ್ಲಿ ವಿಶ್ವನಾಥ್ ಔಟಾದಾಗ ರೇಡಿಯೋ ಮುಂದೆ ಅಪ್ಪ ಕೂರುತ್ತಿದ್ದದ್ದು ನೆನಪಾಯಿತು. ಸುಮ್ಮನಾದೆ.

ಆ ಪಕ್ಕದ ಮೇಜಿನವರೇ ನನಗೆ ಆಟ ಕಲಿಸಿದ್ದು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿ ಬರುವುದಿಲ್ಲ, ಬಾಲು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಮೊಣಕೈ ಮಡಚಿ ಎಸೆಯಬೇಕು. ನಮ್ಮಲ್ಲಿ ಅಂಪೈರ್ ನೋಬಾಲ್ ಕೊಡುವ ಎಸೆತವೇ ಇಲ್ಲಿ ಸರಿಯಾದ ಎಸೆತ. ನಿಮ್ಮ ಮಗನಿಗೆ ಮೊದಲು ಅದನ್ನೇ ಹೇಳಿಕೊಡಿ.

ಬ್ಯಾಟ್ಸ್‌ಮನ್ ಬೀಸಿಯೂ ತಾಗದ, ಇಲ್ಲವೇ ಹೊಡೆಯದೆ ಬಿಟ್ಟ ಸರಿಯಾದ ಎಸೆತಕ್ಕೆ ಸ್ಟ್ರೈಕ್ ಅನ್ನುತ್ತಾರೆ. ಮೂರು ಸ್ಟ್ರೈಕ್ ಆದರೆ ಅವನು ಔಟ್. ಹಾಗೆ ರಯಾನ್ ಔಟ್ ಮಾಡಿದ್ದು 5,714 ಸಲ. ಎರಡನೇ ಸ್ಥಾನದ ರ‍್ಯಾಂಡಿ ಜಾನ್ಸನ್ ಅವರದು 4,875. ಎದುರು ತಂಡಕ್ಕೆ ಇಡೀ ಮ್ಯಾಚ್‌ನಲ್ಲಿ ಒಂದೇ ಒಂದು ಹಿಟ್ ಕೂಡ ಸಿಗದಿದ್ದರೆ ಅದು ನೋ-ಹಿಟ್ಟರ್. ಅಂಥವು ಏಳು. ಅವರ ನಂತರದ ಸ್ಯಾಂಡಿ ಕೂಫ್ಯಾಕ್ಸ್‌ಗೆ ನಾಲ್ಕು. 1974ರಲ್ಲಿ ರಯಾನ್ ಅವರ ಒಂದು ಎಸೆತವನ್ನು ಗಂಟೆಗೆ 100.9 ಮೈಲಿ ಅಂತ ಅಳೆದರು, ನಮ್ಮ ಲೆಕ್ಕದಲ್ಲಿ 162 ಕಿಲೋಮೀಟರ್. ಶೋಯೆಬ್ ಅಖ್ತರ್ ಅವರ 161.3 ನೆನಪಿದೆ ಅಲ್ವಾ? 1974ರಲ್ಲೇ ರಯಾನ್ ಒಂದು ಮ್ಯಾಚ್‌ನಲ್ಲಿ 13 ಇನ್ನಿಂಗ್ಸ್ (ಇಲ್ಲಿ ಮಾಮೂಲಿ ಮ್ಯಾಚಿಗೆ ಒಂಬತ್ತು), 235 ಎಸೆತ ಹಾಕಿದ್ದರು. ಈಗ ಕೋಚ್‌ಗಳು ಅದರ ಅರ್ಧಕ್ಕಿಂತ ಜಾಸ್ತಿ ಹಾಕಿಸುವುದು ತೀರಾ ಅಪರೂಪ.

ಹಾಗಂತ ಎಲ್ಲ ಸರಿಯಿತ್ತು ಅಂತಲ್ಲ. ಗುರಿ ತಪ್ಪಿಸಿ ಎದುರಾಳಿಯನ್ನು ಪುಕ್ಕಟೆ ಫಸ್ಟ್ ಬೇಸ್‌ಗೆ, ಅಂದರೆ ರನ್ನಿನ ದಾರಿಯ ಮೊದಲ ನಿಲ್ದಾಣಕ್ಕೆ, ಕಳಿಸಿದ ದಾಖಲೆಯೂ ಅವರದೇ, 2,795. ಗೆದ್ದದ್ದು 324, ಸೋತದ್ದು 292. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಬೇಸ್‌ಬಾಲ್ ದಿಗ್ಗಜರನ್ನು ಆರಿಸುವ ಹಾಲ್ ಆಫ್ ಫೇಮ್‌ಗೆ 1999ರಲ್ಲಿ 497 ಓಟುಗಳಲ್ಲಿ 491 ಬಿತ್ತು. ಉಳಿದ ಆರು ಮಂದಿ ಯಾರು ಅಂತ ಪಕ್ಕದ ಮೇಜಿನವರು ಕೊನೆಯವರೆಗೂ ಬೈಯುತ್ತಿದ್ದರು.

ಇಷ್ಟಾದರೂ ಈ ಕಡೆಯವರು ಅವರನ್ನು ಹಚ್ಚಿಕೊಂಡಿರುವುದು ಬರೀ ವೇಗಕ್ಕಲ್ಲ. ದೇವಸ್ಥಾನದಿಂದ ಅರ್ಧ ಗಂಟೆಯೂ ಇಲ್ಲದ ಆಲ್ವಿನ್ ಅವರ ಊರು. ಮನೆಯಲ್ಲಿ ಆರು ಮಕ್ಕಳು, ಇವರೇ ಕೊನೆಯವರು. ಅಪ್ಪ ಹಗಲು ತೈಲ ಕಂಪನಿಯ ಕೆಲಸ ಮಾಡಿ, ನಡುರಾತ್ರಿ ಎದ್ದು ಹ್ಯೂಸ್ಟನ್ ಪೋಸ್ಟ್ ಪತ್ರಿಕೆ ಹಂಚುತ್ತಿದ್ದರು. ಹುಡುಗ ಜೊತೆಗೆ ಎದ್ದು ಪೇಪರ್ ಸುತ್ತುತ್ತಿದ್ದ. ಓದು ಮುಗಿದ ಮೇಲೆ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಹೋದರು. ಹೈಸ್ಕೂಲಿನಲ್ಲೇ ಮೆಚ್ಚಿಕೊಂಡಿದ್ದ ಅದೇ ಊರಿನ ರೂತ್ ಅವರನ್ನು 1967ರಲ್ಲಿ ಮದುವೆಯಾದರು. 1969ರಲ್ಲಿ ತಂಡ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು, ಆದರೂ ನ್ಯೂಯಾರ್ಕ್ ಗಂಡ ಹೆಂಡತಿ ಇಬ್ಬರಿಗೂ ಒಗ್ಗಲಿಲ್ಲ. ಸಣ್ಣ ಊರಿನಿಂದ ಬಂದವರ ಪಾಡು ಎಲ್ಲ ಕಡೆ ಒಂದೇ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಏಂಜೆಲ್ಸ್ ತಂಡದ ಜೊತೆ ಎಂಟು ವರ್ಷ.

1979ರ ಕೊನೆಯಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಕರೆದರು. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಪಡೆದ ಮೊದಲ ಬೇಸ್‌ಬಾಲ್ ಆಟಗಾರ ಅವರೇ. ಇಲ್ಲಿ ಕೆಲಸಕ್ಕೆ ಬಂದ ನಮ್ಮ ಹುಡುಗರು ಆ ಹಣದ ಕತೆ ಕೇಳಿ ಕಣ್ಣರಳಿಸುತ್ತಾರೆ. ಹಣಕ್ಕಿಂತ ನನಗೆ ಹಿಡಿಸಿದ್ದು ಬೇರೆ. ರೀಡ್, ರೀಸ್, ವೆಂಡಿ ಅಂತ ಮೂರು ಮಕ್ಕಳು. ಹ್ಯೂಸ್ಟನ್‌ನಲ್ಲಿ ಮ್ಯಾಚ್ ಇದ್ದ ರಾತ್ರಿ ಅಪ್ಪ ಆಲ್ವಿನ್‌ನ ಮನೆಗೇ ಹೋಗಿ ಮಲಗುತ್ತಿದ್ದರು. 1988ರಲ್ಲಿ ಆಸ್ಟ್ರೋಸ್ ಸಂಬಳ ಕಡಿಮೆ ಮಾಡಲು ಹೊರಟಾಗ ಟೆಕ್ಸಾಸ್ ಬಿಡದೆ ಆರ್ಲಿಂಗ್ಟನ್‌ನ ರೇಂಜರ್ಸ್‌ಗೆ ಹೋದರು.

1990ರ ಜೂನ್‌ನಲ್ಲಿ ಓಕ್ಲೆಂಡ್‌ನಲ್ಲಿ ಆರನೇ ನೋ-ಹಿಟ್ಟರ್. ರಯಾನ್‌ಗೆ 43 ವರ್ಷ, ಬೆನ್ನು ನೋವು. ಇನ್ನಿಂಗ್ಸ್ ನಡುವೆ ಬಂದು ಕೂತಾಗ ಹದಿಹರೆಯದ ರೀಸ್ ಪಕ್ಕದಲ್ಲಿ ಕೂತು ಅಪ್ಪನ ಬೆನ್ನು ತಿಕ್ಕುತ್ತಿದ್ದ. ಮುಂದಿನ ವರ್ಷ ಆಸ್ಟಿನ್‌ನಲ್ಲಿ ಒಂದು ಪ್ರದರ್ಶನ ಪಂದ್ಯ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಯೂನಿವರ್ಸಿಟಿ ತಂಡದಲ್ಲಿ ಮಗ ರೀಡ್, ಇಬ್ಬರೂ ಪಿಚರ್. 2013ರಲ್ಲಂತೂ ಕೆಲವು ತಿಂಗಳು ಅಪ್ಪ ರೇಂಜರ್ಸ್‌ನ ಮುಖ್ಯಸ್ಥ, ಮಗ ಆಸ್ಟ್ರೋಸ್‌ನ ಮುಖ್ಯಸ್ಥ.

ಆ ಬೆನ್ನು ತಿಕ್ಕುವ ದೃಶ್ಯವನ್ನು ಟಿವಿಯಲ್ಲಿ ಈಗಲೂ ಹಾಕುತ್ತಾರೆ. ನಾನು ಚಾನೆಲ್ ಬದಲಾಯಿಸುತ್ತೇನೆ.

ನನ್ನ ಮಗ 1995ರಲ್ಲಿ ಇಲ್ಲೇ ಹುಟ್ಟಿದವನು. ಹತ್ತು ವರ್ಷಕ್ಕೆ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸೇರುತ್ತೇನೆ ಅಂದ. ನಾನೇ ಹೋಗಿ ಗ್ಲೌಸ್ ತಂದೆ. ಎಸೆಯುವ ಕೈಗೆ ಗ್ಲೌಸ್ ಅಂದುಕೊಂಡು ಬೇರೆ ಕೈಯದು ತಂದಿದ್ದೆ. ಅವನು ನಕ್ಕ, ನಾನು ಸಿಟ್ಟಾದೆ. ವಾಪಸು ಕೊಡಲು ಅವನ ಅಮ್ಮ ಹೋದಳು. ಸಂಜೆ ಹಿತ್ತಲಲ್ಲಿ "ಅಪ್ಪಾ, ಹತ್ತೇ ಹತ್ತು ಬಾಲ್ ಹಿಡಿ" ಅಂತ ಕರೆಯುತ್ತಿದ್ದ. ಎರಡು ಸಲ ಹೋಗಿರಬೇಕು.

ಸೀಸನ್‌ನ ಕೊನೆಯ ಶನಿವಾರ ಅವನಿಗೆ ಮೊದಲ ಬಾರಿ ಪಿಚಿಂಗ್ ಕೊಟ್ಟರು. ನಾನು ಆ ಹೊತ್ತಿಗೆ ಮೈದಾನದಿಂದ ಹತ್ತು ನಿಮಿಷದ ದಾರಿಯಲ್ಲಿ, ನಮ್ಮವರ ಕಾರ್ಯಕ್ರಮಕ್ಕೆ ಬೇರೆಯವರ ಮಕ್ಕಳಿಗೆ ಕನ್ನಡ ನಾಟಕ ಕಲಿಸುತ್ತಿದ್ದೆ. ಉಚ್ಚಾರಣೆ ತಿದ್ದುತ್ತಿದ್ದೆ, "ಹ" ಕಾರ "ಅ" ಕಾರ. ಇವನು ಮನೆಗೆ ಬಂದಾಗ ಮಂಡಿಯಲ್ಲೆಲ್ಲ ಕೆಂಪು ಮಣ್ಣು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದ. ನಾನು ಹೇಳಿದ್ದು, "ಕಾಲು ತೊಳೆದುಕೊಂಡು ಒಳಗೆ ಬಾ."

ಮೂವರನ್ನು ಸ್ಟ್ರೈಕ್‌ಔಟ್ ಮಾಡಿದ್ದ. ಅದು ನನಗೆ ಗೊತ್ತಾಗಿದ್ದು ರಾತ್ರಿ, ಅವನು ಮಲಗಿದ ಮೇಲೆ, ಅವನ ಅಮ್ಮನಿಂದ. ಬೆಳಗ್ಗೆ ಕೇಳಬೇಕು ಅಂದುಕೊಂಡೆ. ಬೆಳಗ್ಗೆ ಏನೋ ಕೆಲಸ. ಮುಂದಿನ ವರ್ಷ ಶನಿವಾರಕ್ಕೆ ಗಣಿತದ ಕ್ಲಾಸ್ ಹಾಕಿಸಿದೆ. ಅವನು ಬೇಡ ಅನ್ನಲಿಲ್ಲ, ಆಟದ ಮಾತೂ ಎತ್ತಲಿಲ್ಲ. ಈಗ ಸಿಯಾಟಲ್‌ನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ, ಅಮ್ಮನ ಜೊತೆ ಜಾಸ್ತಿ ಮಾತಾಡುತ್ತಾನೆ.

ಹಾಗಾಗಿ ಸೇರಿಸಿ. ವಸಂತದ ಸೀಸನ್‌ಗೆ ಚಳಿಗಾಲದಲ್ಲೇ ಹೆಸರು ಬರೆಸಬೇಕು, ತಡಮಾಡಬೇಡಿ. ಕೈಗೆ ಪೆಟ್ಟಾಗುತ್ತದೆ ಅಂತ ಹೆದರಬೇಡಿ. ಲಿಟಲ್ ಲೀಗ್‌ನಲ್ಲಿ ಒಂಬತ್ತು ಹತ್ತು ವರ್ಷದವರಿಗೆ ದಿನಕ್ಕೆ 75 ಎಸೆತ, ಅದಕ್ಕಿಂತ ಚಿಕ್ಕವರಿಗೆ 50, ಮೇಲೆ ಹಾಕುವ ಹಾಗಿಲ್ಲ. ಶನಿವಾರ ನಮ್ಮ ಕಾರ್ಯಕ್ರಮಕ್ಕೆ ಸ್ವಯಂಸೇವಕರು ಬೇಕು ಅಂತ ನಾನೇ ಫೋನ್ ಮಾಡಿದರೂ ಮ್ಯಾಚ್ ಇದೆ ಅನ್ನಿ.

ಗ್ಲೌಸ್ ಕೊಳ್ಳಬೇಡಿ. ನಮ್ಮ ಗರಾಜಿನಲ್ಲಿ ಒಂದಿದೆ, ಚರ್ಮ ಸ್ವಲ್ಪ ಬಿರುಸಾಗಿದೆ, ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ. ಅದು ಎಡಗೈಗೆ ಹಾಕುವಂಥದ್ದು. ನಿಮ್ಮ ಮಗ ಯಾವ ಕೈಯಲ್ಲಿ ಎಸೆಯುತ್ತಾನೆ?