ತೋಟದ ಕೆಲಸ ಮುಗಿಯುವುದೇ ಇಲ್ಲ, ಯಾವುದಕ್ಕೆ ಮೊದಲು ಸಮಯ ಕೊಡಬೇಕು?

ಎಲ್ಲಾ ಮುಗಿಸುವ ಆಸೆ ಬಿಡಿ. ತಡವಾದರೆ ಮತ್ತೆ ಸರಿಪಡಿಸಲಾಗದ ಕೆಲಸ ಯಾವುದು ಅಂತ ನೋಡಿ. ನಮ್ಮ ಕಾಸರಗೋಡಿನ ಅಡಿಕೆ ತೋಟದಲ್ಲಿ ಮೇ ಕೊನೆಗೆ ಅದು ಒಂದೇ: ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಸಿಂಪಡಿಸುವುದು. ಮಳೆ ಹಿಡಿಯುವ ಮೊದಲು ಗೊನೆ ಪೂರ್ತಿ ನೆನೆಯಬೇಕು. ಸುಮಾರು 40–45 ದಿನ ಕಳೆದು ಇನ್ನೊಮ್ಮೆ. ಇದು ತಪ್ಪಿದರೆ ಮಹಾಳಿ, ಅಂದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ, ಆಮೇಲೆ ಓಡಾಡಿ ಪ್ರಯೋಜನ ಇಲ್ಲ.

ಮದ್ದು ಮಾಡಲು 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಬೇರೆ ಬೇರೆ ಕರಗಿಸಿ ಬೆರೆಸಿ. ಹೊಳೆಯುವ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇಲ್ಲಿ ಮಾತ್ರ ಅವಸರ ಬೇಡ.

ಬೇಲಿ, ಹುಲ್ಲು ಕಾಯುತ್ತವೆ. ಮದ್ದು ಬಿಡಲು ಮರ ಹತ್ತುವವರು ಕಾಯುವುದಿಲ್ಲ ಅಲ್ವಾ? ಅವರು ಬರುವ ದಿನ ಮದುವೆ ಇದ್ದರೆ ಮನೆಯವರನ್ನು ಕಳಿಸಿ, ನೀವು ತೋಟದಲ್ಲೇ ಇರಿ.